ಇಪ್ಪತ್ತನೆಯದು

ಲೋರ್ನ್‌ನ ಅಂಗಡಿಯಲ್ಲಿ, ಮೀನಿನ ಗಾಳಗಳ ಪಕ್ಕ,
ಮೊಳೆಗೆ ನೇತುಬಿದ್ದಿವೆ ಮೂರು ಬಗೆಯವು.

ಒಂದು ಬಲೆಚೀಲ. ತಂತಿಯ ಬಾಯಿ, ಅಡಿಯಲ್ಲಿ ಜಿಪ್ಪು,
ಕೋವಿಯ ಪಕ್ಕೆಗೆ ಪಟ್ಟಿ ಸುತ್ತಿ ಬಿಗಿಯುವಂಥದ್ದು,
ಕುದುರೆಯ ಮೂತಿಗೆ ಕಟ್ಟಿದ ಮೇವಿನ ಚೀಲದ ಹಾಗೆ.
ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಡಬ್ಬ.
ತಿರುಪು ತಿರುಗಿಸಿದರೆ ಜಪ್ಪಯ್ಯ ಅಂದರೂ ಅಲ್ಲಾಡದು,
ಆದರೆ ಪ್ರತಿ ಗುಂಡಿಗೂ ಒಳಗೊಂದು ಲೊಟಕ್,
ಗುರಿಯ ನಡುವೆ ಯಾರೋ ಲೊಚಗುಟ್ಟಿದಂತೆ.
ಮೂರನೆಯದು ಕೋವಿಯನ್ನು ಮುಟ್ಟುವುದೇ ಇಲ್ಲ:
ಮೂರು ಕಾಲು, ಚೌಕಟ್ಟು, ಜೋಲುಬಿದ್ದ ಪರದೆ.
ಗಾಳಿ ಬಂದರೆ ಮಲಗಿಬಿಡುತ್ತದಂತೆ.
ಮೊಂಟಾನಾದಲ್ಲಿ ಗಾಳಿ ಬಾರದ ದಿನ ಯಾವುದು?

"ನೋಡು ಸಿಗ್ನಿ," ಅಂದ ಲೋರ್ನ್, ಗಡ್ಡ ಕೆರೆದುಕೊಂಡು,
"ಚೀಲವೇ ವಾಸಿ. ಮೂವತ್ತು ಹಿಡಿಯುತ್ತದೆ.
ತುಂಬಿದ ಮೇಲೂ ಹೊಡೆಯುತ್ತ ಹೋದೆಯೋ,
ಹೊರಗೆ ಹೋದದ್ದು ತಿರುಗಿ ಬಂದು
ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ."
ಅವನು ಹೇಳಿದ್ದು ಕೋವಿಯ ವಿಷಯ.

ಲೋರ್ನ್‌ಗೆ ಗೊತ್ತಿಲ್ಲ,
ನಮ್ಮ ಮನೆಯ ಮೊದಲ ಸಾಧನ ನಾನೇ ಆಗಿದ್ದೆ.

ಎಂಟು ವರ್ಷ. ಅಪ್ಪನ ಬಲಕ್ಕೆ, ಒಂದು ಹೆಜ್ಜೆ ಹಿಂದೆ,
ಬೀಜದ ಕಂಪನಿಯ ಹಸಿರು ಟೋಪಿ ಅಂಗಾತ ಹಿಡಿದು,
ಕಿವಿಯಲ್ಲಿ ಹತ್ತಿ ತುರುಕಿಕೊಂಡು.
ಸೈನ್ಯದ ಹಳೆಯ ಕೋವಿ ಅದು, ತಾನೇ ಉಗುಳುವಂಥದ್ದು.
ಉಗುಳಿದ್ದು ನೆಲ ಕಾಣುವ ಮೊದಲು
ಟೋಪಿ ಕಾಣಬೇಕು.
ಒಂದು ಸಲ ಬಿಸಿ ತೋಟಾ ಅಂಗಿಯ ಕಾಲರಿನೊಳಗೆ ಇಳಿದು
ನಾನು ಕುಣಿದ ಕುಣಿತಕ್ಕೆ
ಬೇಲಿಯ ಮೇಲಿದ್ದ ಹಕ್ಕಿಗಳೂ ಎದ್ದು ಹೋದವು.
"ಸಿಕ್ಕಿತಾ?" ಅಂದ ಅಪ್ಪ.
ಸಿಕ್ಕಿತು, ಅಂದೆ.
ಬಟಾಣಿಯಷ್ಟು ಕಲೆ, ಹೆಗಲ ಮೇಲೆ, ಇನ್ನೂ ಇದೆ.

ಇಪ್ಪತ್ತು ಹೊಡೆದರೆ ಇಪ್ಪತ್ತೂ ಮನೆಗೆ ಬರಬೇಕು.
ಹತ್ತೊಂಬತ್ತಾದ ದಿನ
ಸೇಜ್ ಪೊದೆಗಳ ಬುಡದಲ್ಲಿ ಮಂಡಿಯೂರಿ
ಹೊತ್ತು ಮುಳುಗುವವರೆಗೆ ಬೆರಳಾಡಿಸುತ್ತಿದ್ದೆವು ಇಬ್ಬರೂ,
ಮಾತಿಲ್ಲದೆ.
ಹನಿ ಕೂಡಿದರೆ ಹಳ್ಳ,
ಹಿತ್ತಾಳೆ ಕೂಡಿದರೆ ಒಂದು ಕಾಫಿ ಡಬ್ಬ.

ರಾತ್ರಿ ನೆಲಮಾಳಿಗೆಯಲ್ಲಿ ಅವಕ್ಕೆ ಸ್ನಾನ.
ಒರೆಸಿ, ಉಜ್ಜಿ, ಕುತ್ತಿಗೆ ನೆಟ್ಟಗೆ ಮಾಡಿ
ಚಿಟಿಕೆ ಚಿಟಿಕೆ ಮದ್ದು ತೂಗಿ ಸುರಿಯುವಾಗ
ಅಪ್ಪ ಉಸಿರು ಬಿಗಿಹಿಡಿಯುತ್ತಿದ್ದ.
ಆರು ಸಲ ಹುಟ್ಟಿ ಬರುತ್ತಿತ್ತು ಒಂದೊಂದು ತೋಟಾ.
ಏಳನೆಯದಕ್ಕೆ ಕುತ್ತಿಗೆ ಸೀಳುತ್ತಿತ್ತು.
ಸಕ್ಕರೆ ಕಾರ್ಖಾನೆ ಬೀಗ ಹಾಕಿದ ವರ್ಷ
ನಾವು ಉಂಡ ಜಿಂಕೆಯ ಮಾಂಸವೆಲ್ಲ
ಆ ಕಾಫಿ ಡಬ್ಬದಿಂದಲೇ ಎದ್ದು ಬಂದದ್ದು.
ಇದನ್ನು ಅಪ್ಪ ಹೇಳಲಿಲ್ಲ. ಬಹಳ ತಡವಾಗಿ
ನಾನೇ ಲೆಕ್ಕ ಹಾಕಿದೆ.

ಚೀಲವನ್ನೇ ಕೊಂಡೆ. ಹದಿನೆಂಟು ಡಾಲರ್.
ನನ್ನ ಬಳಿ ಈಗ ಕೆಲಸವಿದೆ, ಫ್ರಿಜ್ಜಿನಲ್ಲಿ ಕೋಳಿಯಿದೆ,
ಹೊಸ ತೋಟಾ ಪೆಟ್ಟಿಗೆಗಟ್ಟಲೆ ತರಬಲ್ಲೆ.
ಆದರೂ ಕೊಂಡೆ.

ಭಾನುವಾರ, ಬೆಟ್ಟದ ಮಗ್ಗುಲಿನ ಗುರಿಮೈದಾನ.
ಹಿಮ ಅರ್ಧ ಕರಗಿ, ಹುಲ್ಲು ಒದ್ದೆ ನಾಯಿಯ ಬಣ್ಣ.
ಪಟ್ಟಿ ಸುತ್ತಿದೆ, ಎಳೆದು ನೋಡಿದೆ.
ಮಾರೆನ್ ತನ್ನ ಉಣ್ಣೆಟೋಪಿ ತೆಗೆದು
ಬೊಗಸೆಯ ಹಾಗೆ ಮುಂದೆ ಚಾಚಿ ನಿಂತಳು:
"ನಾನೂ ಹಿಡಿಯಲಾ ಅಮ್ಮ?"
ಇವಳಿಗೆ ಯಾರು ಹೇಳಿಕೊಟ್ಟರು?
"ಬೇಡ. ಹಿಂದೆ ಹೋಗು." ಹೋದಳು.
"ಇನ್ನೂ ಹಿಂದೆ."

ಹೊಡೆದೆ. ಚೀಲ ಒಂದೊಂದಕ್ಕೂ ತುಸು ನಡುಗಿ
ಭಾರವಾಗುತ್ತ ಹೋಯಿತು, ಮೊಲೆಯುಂಡ ಕೂಸಿನಂತೆ.
ನಡುವೆ ಎಲ್ಲೋ ಪಟ್ಟಿ ಜಾರಿರಬೇಕು.
ಜಿಪ್ಪು ಬಿಚ್ಚಿ ಬೆಂಚಿನ ಮೇಲೆ ಸುರಿದರೆ
ಬೆಚ್ಚಗಿನ ಸದ್ದು. ಮಾರೆನ್ ಎಣಿಸಿದಳು,
ಮತ್ತೊಮ್ಮೆ ಎಣಿಸಿದಳು.

"ಹತ್ತೊಂಬತ್ತು. ಹುಡುಕಲಾ?"

"ಬಿಡೇ, ಒಂದು ತಾನೆ," ಅಂದೆ.
ಅಷ್ಟರಲ್ಲಿ
ನನ್ನ ಮಂಡಿಗೆ ತಣ್ಣಗೆ ತಾಗಿತ್ತು ಹುಲ್ಲು.