ಮೀನ ರಾಶಿಯಲ್ಲಿ

ಮಲ್ಪೆಯ ಐಸ್ ಪ್ಲಾಂಟಿನ ತಾರಸಿ. ಆರಿಂಚಿನ ದೂರದರ್ಶಕ,
ಸೆಕೆಂಡ್‌ಹ್ಯಾಂಡ್; ಕಾಲಿಗೆ ಸುತ್ತಿದ್ದು ಹರಿದ ಬಲೆ,
ಉಪ್ಪುಗಾಳಿಗೆ ಬೆವರುವ ಕನ್ನಡಿಗೆ ತಂಗಿಯ ಹೇರ್ ಡ್ರೈಯರ್.
ಕೆಳಗೆ ಕಂಪ್ರೆಸರ್ ಓಡುವಷ್ಟು ಹೊತ್ತು
ನಕ್ಷತ್ರಗಳೆಲ್ಲ ಕಾದ ಎಣ್ಣೆಯ ಸಾಸಿವೆ.
ಮಹಾಬಲ ಅದನ್ನು ನಿಲ್ಲಿಸಿದರೆ
ಹನ್ನೊಂದು ನಿಮಿಷ. ಅಷ್ಟೇ ಆಕಾಶ.

ಇವತ್ತು ಅಮಾಸೆ. ಬೋಟಿನ ದೀಪಗಳು ತೆಂಕಕ್ಕೆ ಸರಿದಿವೆ.
ಮೀನ ರಾಶಿಯೊಳಗೆ ತಡಕಿ ತಡಕಿ
ಹಿಡಿದೆ: ಸುರುಳಿ ಗ್ಯಾಲಕ್ಸಿ. ಫೋಟೋದಲ್ಲಾದರೆ
ಬಿಚ್ಚಿದ ತೋಳುಗಳು, ತೋಳ ತುಂಬ ಎಳೆಯ ನೀಲಿ ಸೂರ್ಯರು.
ನನ್ನ ಗಾಜಿಗೆ ಸಿಕ್ಕಿದ್ದು
ಕಿಟಕಿಗೆ ತಾಗಿದ ಉಸಿರಿನಷ್ಟು.
ನೇರ ನೋಡಿದರೆ ಅದೂ ಇಲ್ಲ;
ಸಾಲ ಕೊಟ್ಟವನು ಪೇಟೆಯಲ್ಲಿ ಎದುರಾದಾಗಿನ ಹಾಗೆ
ಒಂಚೂರು ಪಕ್ಕಕ್ಕೆ ನೋಡಬೇಕು.

ಮಾರದೆ ಉಳಿದ ಬಂಗುಡೆಗೆ ಐಸು ಕೇಳಲು ಬಂದ ವಾರಿಜಕ್ಕ
ಬುಟ್ಟಿ ಸಮೇತ ಮೇಲೆ ಹತ್ತಿದರು.
ಒಂದೇ ಕಣ್ಣು ಮುಚ್ಚಲು ಬಾರದೆ, ಸೆರಗು ಅಡ್ಡ ಹಿಡಿದು
ಬಹಳ ಹೊತ್ತು ಬಗ್ಗಿದ್ದರು.
ನಾನು ದೂರ ಹೇಳಿರಲಿಲ್ಲ, ವಯಸ್ಸೂ ಹೇಳಿರಲಿಲ್ಲ.

‘ಉಂದು ಇನಿತ ಅತ್ತ್,’ ಅಂದರು.
ಇವತ್ತಿನದಲ್ಲ ಇದು.
‘ಕಣ್ಣು ನೋಡು, ಹೇಗೆ ಮಬ್ಬಾಗಿದೆ.’

ಮೂರು ಕೋಟಿ ವರ್ಷ, ಅಂದೆ, ಆ ಬೆಳಕು ಹೊರಟು.
‘ದೇವರೇ,’ ನಕ್ಕರು, ‘ಐಸೇ ಇಲ್ಲದೆ?’

ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ
ಕೆಳಗೆ ಮಹಾಬಲ ಸ್ವಿಚ್ ಒತ್ತಿದ.
ತಾರಸಿ ನಡುಗಿತು,
ಬುಟ್ಟಿಯ ಬಂಗುಡೆಗಳು ನಡುಗಿದವು,
ಮೇಲಿನ ಮೀನೂ.