ಗುಂಯ್

ಮೋಟಾರಿಗೆ ನಾನು ಸುತ್ತುವುದು ನೂರರ ಲೆಕ್ಕದಲ್ಲಿ.
ಈ ಗಿಟಾರಿನ ಪಿಕಪ್ಪಿಗೆ ಎಂಟು ಸಾವಿರ ಸುತ್ತು,
ನಲವತ್ತೆರಡು ನಂಬರಿನ ತಂತಿ,
ಉಸಿರು ತಾಗಿದರೆ ತುಂಡು.
ಎರಡು ಸಲ ತುಂಡಾಯಿತು. ಮೂರನೇ ಸಲ
ಮುನಿಯಲ್ಲನನ್ನು ಟೀ ತರಲು ಕಳಿಸಿ
ಫ್ಯಾನು ಆರಿಸಿ ಸುತ್ತಿದೆ.

ಶಿಡ್ಲಘಟ್ಟದಲ್ಲಿ ರಾತ್ರಿ ಅಂದರೆ
ಹನ್ನೊಂದರಿಂದ ನಾಲ್ಕು.
ಆಮೇಲೆ ಒಲೆಗೆ ಸೌದೆ ಬೀಳುತ್ತದೆ,
ಗೂಡು ಬೇಯುವ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ, ನಮಗದು ಗಡಿಯಾರ.

ಹಳೇ ಲ್ಯಾಪ್‌ಟಾಪು, ಕೆಂಪು ಡಬ್ಬಿ, ಕಿವಿಗೆ ಹೆಡ್‌ಫೋನು.
ಮೊದಲ ದಿನ ಬೆರಳು ಮೀಟಿ ಆದಮೇಲೆ ಸದ್ದು ಬಂತು,
ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ
ಕೈ ಮೇಲೆದ್ದಾಗ ಏಟು ಕೇಳುವ ಹಾಗೆ.
ಬಫರ್ ಇಳಿಸಣ್ಣಾ, ಎಂದ ಮುನಿಯಲ್ಲ.
ಇಳಿಸಿದೆ. ಸದ್ದು ಬಂದು ಬೆರಳಿಗೆ ಅಂಟಿತು.

ಇನ್ನೊಂದು ವಿಚಿತ್ರ,
ಇದಕ್ಕೆ ಕೋಣೆ ಕೇಳುವುದಿಲ್ಲ.
ನಾನು ಕೆಮ್ಮಿದ್ದು ಇಲ್ಲ, ನಾಯಿ ಬೊಗಳಿದ್ದು ಇಲ್ಲ,
ಹೆಂಡತಿ ಬಾಗಿಲಲ್ಲಿ ನಿಂತು ಮಲಗಲ್ವಾ ಎಂದದ್ದೂ ಇಲ್ಲ.
ಅಯಸ್ಕಾಂತದ ಮುಂದೆ ಉಕ್ಕು ಅಲುಗಿದ್ದಷ್ಟೇ.

ಆದರೆ ತಳದಲ್ಲಿ ಗುಂಯ್ ಅನ್ನುವುದೊಂದು ಇತ್ತು.
ಅರ್ಥಿಂಗ್ ಎಂದುಕೊಂಡೆ. ಹಿತ್ತಲಲ್ಲಿ ಗುಂಡಿ ತೋಡಿ
ತಾಮ್ರದ ತಗಡು, ಇದ್ದಿಲು, ಉಪ್ಪು ಹಾಕಿ
ದಿನಾ ಒಂದು ಕೊಡ ನೀರು ಹೊಯ್ದೆ.
ಏನು ಗಿಡ ಅದು, ಎಂದು ಕೇಳಿದರು ಹಿಂದಿನ ಮನೆಯವರು.
ಅರ್ಧ ಇಳಿಯಿತು.
ಉಳಿದದ್ದು ನಾಲ್ಕರ ಮೇಲೆ ಎದ್ದು ಬರುತ್ತಿತ್ತು.

ನಾಲ್ಕನೇ ಟೇಕು. ಹುಳಕ್ಕೆ ನಾಲ್ಕನೇ ಜ್ವರವಿದ್ದ ಹಾಗೆ,
ದಾಟಿದರೆ ಗೂಡು, ಇಲ್ಲದಿದ್ದರೆ ತಿಪ್ಪೆ.
ದಾಟಿತು. ಕೊನೆಯ ಸ್ವರ ಪರದೆಯ ಮೇಲೆ ಉಬ್ಬಿ,
ಬಾಲ ಸಣ್ಣಗಾಗಿ, ಮುಗಿಯಿತು.
ಮುಗಿದ ಮೇಲೂ ಗೆರೆ ನೆಟ್ಟಗೆ ಮಲಗಲಿಲ್ಲ.

ವಾಲ್ಯೂಮ್ ಏರಿಸಿ ಕೇಳಿದೆ.
ಗುಂಯ್, ಗುಂಯ್, ನಡುವೆ ಒಂದು ಕುಂಟು.
ಇಲಾಹಿಜಾನ್ ಸಾಬರ ಫಿಲೇಚರಿನ ಮೋಟಾರು,
ಹನ್ನೊಂದು ವರ್ಷದ ಕೆಳಗೆ ನಾನೇ ಸುತ್ತಿದ್ದು.
ಒಂದೇ ಕೈಯ ಎರಡು ಸುತ್ತು, ನಡುವೆ ಗೋಡೆ.
ಬೇರಿಂಗು ಸವೆದಿದೆ. ವಾರ ತಡೆಯುವುದಿಲ್ಲ.

ಹೋಗಿ ಹೇಳಿದೆ.
ನಮಗೇನೂ ಕೇಳಿಸ್ತಿಲ್ಲವಲ್ಲ ಆಚಾರ್ರೇ, ಎಂದರು ಹಬೆಯೊಳಗಿಂದ.
ಕೇಳಿಸಲ್ಲ ಸಾಬರೇ. ಹಿಡಿದಿಟ್ಟಿದ್ದೀನಿ, ಬನ್ನಿ.

ಬಿಸಿನೀರಿಗೆ ಬೆಳ್ಳಗೆ ಸುಕ್ಕಿದ ಬೆರಳು
ಲುಂಗಿಗೆ ಒರೆಸಿ ಹೆಡ್‌ಫೋನು ಹಿಡಿದರು.
ಗಿಟಾರು ಮುಗಿಯುವವರೆಗೂ ಸುಮ್ಮನೆ ನಿಂತರು,
ಯಾರದೋ ಫೋನು ಮುಗಿಯಲಿ ಎಂದು ಕಾಯುವವರಂತೆ.
ಗುಂಯ್ ಬಂದಾಗ ಕಣ್ಣು ಅಗಲವಾಯಿತು.
ಹಾಂ, ಎಂದರು,
ಇದು ನಮ್ದೇ.