ನರ ಬುಟ್ಟು

ಹಿಂದಿನ ಸಂಜೆ ಸಹಿಗೆಂದು ಕಾಗದ ಒಯ್ದಾಗ
ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು
ದೇವರಾಜ ಮಾರ್ಕೆಟ್ಟಿನ ಎಲೆಸಾಲಿನ ಕೆಂಪಾಜಮ್ಮ.
ಕತ್ತಿನ ಎಡಕ್ಕೆ ನಿಂಬೆಗಾತ್ರದ ಗಂಟು.
ಹದಿನೈದು ದಿನದಿಂದ ಎಲೆ-ಅಡಿಕೆ ಬಂದ್,
ಆದರೂ ತುಟಿಯೊಳಗೆ ಮೂವತ್ತು ವರ್ಷದ ಕೆಂಪು
ಹೋಗಿರಲಿಲ್ಲ.

ತುಟಿಯ ಒಳಗಿಂದಲೇ ಇಳಿಯುತ್ತಾರೆ ಅಮ್ಮ,
ಮೂರೇ ತೂತು, ಕತ್ತಿನ ಮೇಲೆ ಗೀಟೂ ಬೀಳಲ್ಲ, ಅಂದೆ.
‘ಗೀಟು ಬಿದ್ರೆ ಬೀಳ್ಲಿ ಕಣವ್ವ, ಕೂಗು ಉಳ್ಸಿ.’
ನಾನು ಯಂತ್ರದ ಮುಂದೆ ಕೂರುವವಳು,
ನರ ಕಾಯುವುದೇ ನನ್ನ ಕೆಲಸ, ಅಂದೆ.
ನಕ್ಕರು:
‘ನಾವು ನರ ತೆಗ್ದು ಎಲೆ ಆಕ್ಕತೀವಿ.
ನೀವು ನರ ಬುಟ್ಟು ಮಿಕ್ಕಿದ್ದು ತೆಗೀತೀರಾ?’

ಹೌದು. ನಾಲ್ಕು ವರ್ಷ ಓದಿದ್ದನ್ನು
ನಾನು ಯಾರಿಗೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ.

*

ಎಡಗಡೆಯ ಈ ನರಕ್ಕೆ ನೆಟ್ಟಗೆ ಬರಲು ಬರುವುದಿಲ್ಲ.
ಗಂಟಲ ಬಾಗಿಲು ದಾಟಿಕೊಂಡೇ ಹೋಗಿ
ಎದೆಯೊಳಕ್ಕೆ ಇಳಿದು
ಮಹಾಧಮನಿಯ ಕಮಾನು ಬಳಸಿ
ಮತ್ತೆ ಮೇಲೆ ಹತ್ತುತ್ತದೆ,
ನಂಜನಗೂಡಿನ ಬಸ್ಸಿನಲ್ಲಿ ತೂಕಡಿಸಿದವಳು
ಅಗ್ರಹಾರದಲ್ಲಿ ಇಳಿಯದೆ
ಕಪಿಲೆಯ ಸೇತುವೆ ಕಂಡು ದಡಕ್ಕನೆ ಎದ್ದು
ಇನ್ನೊಂದು ಟಿಕೇಟು ಕೊಂಡು ಮನೆಗೆ ಬಂದ ಹಾಗೆ.
ದಪ್ಪವೋ, ಒತ್ತುಶಾವಿಗೆಯ ಒಂದು ಎಳೆ.
ಅದರ ತುದಿಗೆ ಇಡೀ ಎಲೆಸಾಲು ನೇತುಬಿದ್ದಿದೆ.

ಉಸಿರಿನ ಕೊಳವೆಗೆ ಅಂಟಿಸಿದ ತಂತಿ
ಸ್ವರತಂತುಗಳ ನಡುವೆ ಕೂತಿದೆ.
ಡಾಕ್ಟರ್ ಉತ್ತಯ್ಯ ಕಡ್ಡಿ ತಾಗಿಸುತ್ತಾರೆ, ಒಂದು ಮಿಲಿಆಂಪ್.
ಗಂಟಲು ಅದುರುತ್ತದೆ. ಗಂಟಲಿನವರಿಗೆ ಗೊತ್ತಿಲ್ಲ.
ನನ್ನ ಪರದೆಯಲ್ಲಿ ಗುಡ್ಡ ಏಳುತ್ತದೆ.
ಟಕ್. ಆರುನೂರ ನಲವತ್ತು.
ಟಕ್. ಆರುನೂರ ಇಪ್ಪತ್ತು.
ಟಕ್. ನಾನೂರ ಹತ್ತು.
ಸಾರ್, ಇಳೀತಿದೆ.
ನೂರ ಎಂಬತ್ತು.
ತೊಂಬತ್ತು.
ಆಮೇಲೆ ಗೆರೆ.

‘ತಂತಿ?’ ನೋಡಿದೆ ಸಾರ್. ‘ಕೊಳವೆ?’ ಜರುಗಿಲ್ಲ.
ಎಳೆದು ಹಿಡಿದಿದ್ದ ಗ್ರಂಥಿಯನ್ನು ಸಡಿಲ ಬಿಟ್ಟರು.
ಉಗುರುಬೆಚ್ಚನೆಯ ಉಪ್ಪುನೀರು ಬಿಟ್ಟು
ಕೈ ಕಟ್ಟಿ ನಿಂತರು.
ಹೀಗೆ ನಿಂತದ್ದಕ್ಕೆ ಆಸ್ಪತ್ರೆಯ ಬಿಲ್ಲಿನಲ್ಲಿ ಸಾಲಿಲ್ಲ.
ಯಾರದೋ ಹೊಟ್ಟೆ ಗುರ್ ಎಂದಿತು.
ನನಗೆ ಮಾರ್ಕೆಟ್ಟು ನೆನಪಾಯಿತು: ಏಳು ವರ್ಷದವಳು,
ಅಮ್ಮನ ಸೆರಗು ತಪ್ಪಿ, ಹೂವಿನ ಗಲ್ಲಿಯಲ್ಲಿ ಅಳುತ್ತ
‘ಚಿಗುರೆಲೇ’ ಎಂಬ ಕೂಗು ಹಿಡಿದು ನಡೆದು ಹೊರಗೆ ಬಂದದ್ದು.
ಅದು ಇವರದೇ ಕೂಗೋ ಅಲ್ಲವೋ.
ಕೇಳುವ ಹಾಗೂ ಇರಲಿಲ್ಲ ಈಗ.

ಹನ್ನೊಂದನೇ ನಿಮಿಷ, ನಲವತ್ತು.
ಗುಡ್ಡವಲ್ಲ, ಇರುವೆ ಎತ್ತಿ ಹಾಕಿದ ಮಣ್ಣು.
ಹದಿನಾರಕ್ಕೆ ನೂರ ಎಪ್ಪತ್ತು.
ಇಪ್ಪತ್ತಕ್ಕೆ ಮುನ್ನೂರ ಐವತ್ತೈದು.
‘ಹ್ಞಾಂ,’ ಅಂದರು ಉತ್ತಯ್ಯ. ಅಷ್ಟೇ.

*

ಕೊಳವೆ ತೆಗೆದ ಮೇಲೆ
ಕೊಟ್ಟಾಯಂ ಕಡೆಯ ಶೈನಿ ಡಾಕ್ಟರು ಕಿವಿಯ ಹತ್ತಿರ ಬಗ್ಗಿ
ಕಲಿತ ಕನ್ನಡದಲ್ಲಿ: ‘ಅಮ್ಮಾ, ಎಣಿಸಿ. ಒಂದು, ಎರಡು, ಮೂರು.’

ತುಟಿ ಅಲುಗಿತು. ಗಾಳಿ.
ಬರೀ ಗಾಳಿ.
ಆಮೇಲೆ ಗಾಳಿಯ ತಳದಿಂದ, ಮರಳುಮರಳಾಗಿ,
‘ಲಾಭ,’ ಅಂದರು. ‘ಎಲ್ಡು. ಮೂರು.’

ಶೈನಿ ಗಾಬರಿಯಲ್ಲಿ ನನ್ನ ಕಡೆ ತಿರುಗಿದರು: ಮಂಪರಾ ಇದು?
ಇಲ್ಲ ಡಾಕ್ಟರೇ,
ಎಲೆ ಎಣಿಸೋರು ಒಂದು ಅನ್ನೋದಿಲ್ಲ.

‘ನಾಕು. ಐದು. ಆರು.’
ಕಟ್ಟಿಗೆ ನೂರು. ತುಂಬುವ ತನಕ
ನಿಲ್ಲಿಸುವ ಹಾಗೆ ಕಾಣಲಿಲ್ಲ.
ಮುಂದಿನ ಕೇಸಿಗೆ ನಾನು ತಂತಿ ಜೋಡಿಸಬೇಕಿತ್ತು.